ಬೋರ್ಡಿನಲ್ಲಿ ಬರೆಯದ ಊಟ

ರಕ್ತಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಸಾಮಾನ್ಯವಾಗಿ ಮೊದಲು ಹೇಳುವ ಮಾತು, ‘ಹೊರಗಿನ ಊಟ-ತಿಂಡಿ ಬಿಡಿ.’ ನಮ್ಮ ಕಡೆ ಇದನ್ನು ಹೇಳುವುದು ಸುಲಭ, ನಡೆಸುವುದು ಕಷ್ಟ. ಶಿರೂರಿನಿಂದ ಬ್ರಹ್ಮಾವರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಎರಡು ಬದಿಯಲ್ಲೂ ಹೋಟೆಲು. ಕುಂದಾಪುರದ ಕೋರ್ಟಿಗೆ ಬಂದ ಕಕ್ಷಿದಾರ, ಗಂಗೊಳ್ಳಿ ಬಂದರಿನಲ್ಲಿ ಮೀನು ಇಳಿಸುವವ, ಕೊಲ್ಲೂರಿಗೆ ಹೊರಟ ಸಂಸಾರ, ಹಾಲಾಡಿ ಕಡೆಯ ಬಸ್ಸಿನ ಕಂಡಕ್ಟರ್, ಬುತ್ತಿ ಕಟ್ಟಿಕೊಡುವವರಿಲ್ಲದ ಬ್ಯಾಂಕಿನ ಹುಡುಗ, ಇವರೆಲ್ಲ ಮಧ್ಯಾಹ್ನ ಎಲ್ಲಿಗೆ ಹೋಗಬೇಕು? ನನ್ನ ಕೆಲಸವೂ ಓಡಾಟದ್ದೇ. ಬೆಳಿಗ್ಗೆ ಬೈಂದೂರಿನಲ್ಲಿದ್ದರೆ ಮಧ್ಯಾಹ್ನ ಕೋಟದಲ್ಲಿ, ಸಂಜೆ ಬಾರ್ಕೂರಿನಲ್ಲಿ. ಹೋಟೆಲು ಬಿಡುವುದು ಆಗದ ಮಾತು. ಹೋಟೆಲಿನಲ್ಲಿ ಕೂತು ಏನು ಕೇಳಬೇಕು, ಹೇಗೆ ಕೇಳಬೇಕು ಎಂಬುದನ್ನಷ್ಟೇ ಕಲಿಯಬಹುದು.

ಇದನ್ನು ನಾನು ಮೊದಲು ಕೇಳಿದ್ದು ನನ್ನ ದೊಡ್ಡಪ್ಪನಿಂದ. ಹುಡುಗನಾಗಿದ್ದಾಗಲೇ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಗ್ಲಾಸು ತೊಳೆದವರು ಅವರು. ಹಗಲು ಕೆಲಸ ಮಾಡಿ, ಸಂಜೆ ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾದಲ್ಲಿ ಕೂತವರು. ನಮ್ಮ ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ತಾಲೂಕುಗಳಲ್ಲಿ ಇಂಥವರೊಬ್ಬರಿಲ್ಲದ ಕುಟುಂಬ ಕಡಿಮೆ. ಊರಿಗೆ ಬಂದಾಗ ಅವರು ಹೇಳುತ್ತಿದ್ದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ. ದಿನವಿಡೀ ಪೂರಿ, ವಡೆ, ಮಸಾಲೆ ದೋಸೆ ಬಡಿಸಿದ ಹುಡುಗರು ರಾತ್ರಿ ಶಟರ್ ಎಳೆದ ಮೇಲೆ ಅವುಗಳಲ್ಲಿ ಒಂದನ್ನೂ ಮುಟ್ಟುತ್ತಿರಲಿಲ್ಲವಂತೆ. ಅಡುಗೆಭಟ್ಟರು ಹಿಂದಿನ ಒಲೆಯ ಮೇಲೆ ಅವರಿಗಾಗಿಯೇ ಗಂಜಿ ಇಡುತ್ತಿದ್ದರಂತೆ. ಗಂಜಿ, ಒಂದು ಹುರುಳಿ ಚಟ್ನಿ, ಇದ್ದರೆ ಸುಟ್ಟ ಒಣಮೀನು. ‘ಹೋಟೆಲಿನವ್ರ್ ಉಂಬುದ್ ಕಂಡ್ಕಣ್ಕ್’ ಎನ್ನುತ್ತಿದ್ದರು. ಹೋಟೆಲಿನವರು ಏನು ಉಣ್ಣುತ್ತಾರೆ ಎಂದು ನೋಡಿಕೊಳ್ಳಬೇಕು.

ತ್ರಾಸಿಯ ಆಚೆ, ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ನಾನು ಅದನ್ನೇ ಕಂಡೆ. ಮಧ್ಯಾಹ್ನ ಮೂರು ದಾಟಿತ್ತು. ಗೋಡೆಯ ಬೋರ್ಡಿನ ತುಂಬ ಫ್ರೈಡ್ ರೈಸು, ನೂಡಲ್ಸು, ಗೋಬಿ ಮಂಚೂರಿ, ಪನೀರಿನ ಹತ್ತಾರು ಹೆಸರು. ಬಾಗಿಲ ಸಂದಿಯಲ್ಲಿ ನೋಡಿದರೆ ಅಡುಗೆಮನೆಯ ಹಿಂದೆ ಕೆಲಸದವರು ಬಟ್ಟಲಿಟ್ಟುಕೊಂಡು ಕೂತಿದ್ದರು. ಹಬೆಯಾಡುವ ಕುಚ್ಲಕ್ಕಿ ಗಂಜಿ, ಹರಿವೆ ಸೊಪ್ಪಿನ ಪಲ್ಯ, ಬೈಗೆ ಮೀನಿನ ಸಾರು. ‘ಅದ್ ಸಿಕ್ಕುತ್ತಾ?’ ಎಂದು ಮಾಣಿಯನ್ನು ಕೇಳಿದೆ. ಅವನಿಗೆ ಸ್ವಲ್ಪ ಸಂಕೋಚ. ‘ಅದ್ ನಮ್ಗ್ ಮಾಡ್ಕಂಡದ್ದ್ ಮಾರಾಯ್ರೆ’ ಎಂದ. ಗಲ್ಲಾದಲ್ಲಿದ್ದ ಶೆಟ್ರು ಕೇಳಿಸಿಕೊಂಡು, ‘ಕೊಡಾ, ಬಿಸಿ ಇತ್ತಲ್ದಾ’ ಎಂದರು. ಹೆದ್ದಾರಿಯಲ್ಲಿ ನಾನು ಉಂಡ ಒಳ್ಳೆಯ ಊಟಗಳಲ್ಲಿ ಅದೊಂದು. ಪಕ್ಕದ ಮೇಜಿನಲ್ಲಿ ಬೇರೇನೋ ತರಿಸಿಕೊಂಡಿದ್ದ ಹಿರಿಯರೊಬ್ಬರು, ‘ನಂಗೂ ಒಂದ್ ಬಟ್ಲ್’ ಎಂದರು.

ಆರೋಗ್ಯದ ಊಟ ಎಂದ ಕೂಡಲೇ ಈಗ ನಮ್ಮ ಕಣ್ಣಿಗೆ ಬರುವುದು ಎಲ್ಲಿಂದಲೋ ಬಂದ ಸಲಾಡು, ಓಟ್ಸು. ನಮ್ಮ ಕರಾವಳಿಯ ಹೋಟೆಲಿನಲ್ಲಿ ಅದನ್ನು ಹುಡುಕುವ ಅಗತ್ಯವಿಲ್ಲ. ಬೇಕಾದದ್ದು ಹಿಂದಿನ ಒಲೆಯ ಮೇಲೆ ಕುದಿಯುತ್ತಿದೆ. ಬೋರ್ಡಿನಲ್ಲಿ ಬರೆದಿಲ್ಲ, ಅಷ್ಟೇ.

ಅನ್ನದಿಂದಲೇ ಶುರು ಮಾಡೋಣ. ಮೀನೂಟದ ಹೋಟೆಲಿನಲ್ಲಿ ಕೂತ ತಕ್ಷಣ ಮಾಣಿ ಕೇಳುವ ಪ್ರಶ್ನೆ, ‘ಬೆಳ್ತಿಗೆಯಾ, ಕುಚ್ಲಕ್ಕಿಯಾ?’ ಬಹಳ ಜನ ಯೋಚಿಸದೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಎನ್ನುತ್ತಾರೆ. ಬೇರೆ ಊರಿನವರಿಗೆ ಕುಚ್ಲಕ್ಕಿಯ ದಪ್ಪ ಕಾಳು, ಅದರ ವಾಸನೆ ಒಗ್ಗದೆ ಇರಬಹುದು. ಊರಿನ ಮಕ್ಕಳೂ ಬೆಳ್ತಿಗೆ ಬೇಕೆನ್ನುವುದು ನನಗೆ ನಿಜವಾಗಿ ಬೇಸರದ ವಿಷಯ. ಭತ್ತವನ್ನು ನೆನೆಸಿ, ಸಿಪ್ಪೆಯೊಂದಿಗೇ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕುವುದು ಕುಚ್ಚಲಕ್ಕಿಯ ಕ್ರಮ. ಹಾಗೆ ಬೇಯುವಾಗ ಹೊರಪದರದಲ್ಲಿರುವ ಬಿ ಜೀವಸತ್ವಗಳಲ್ಲಿ ಒಂದು ಪಾಲು ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಪಾಲಿಶ್ ಮಾಡಿದರೂ ಎಲ್ಲವೂ ತೌಡಿನ ಜೊತೆ ಹೋಗುವುದಿಲ್ಲ. ಕೆಂಪು ಅಕ್ಕಿಯಾದರೆ, ಕಡಿಮೆ ಪಾಲಿಶ್ ಮಾಡಿದ್ದಾದರೆ, ನಾರಿನ ಅಂಶವೂ ಉಳಿಯುತ್ತದೆ. ಚೆನ್ನಾಗಿ ಅಗಿದು ಉಣ್ಣಬೇಕಾದ ಅನ್ನ ಅದು. ಹೊಟ್ಟೆ ತುಂಬಿತೆಂದು ಬೇಗ ಗೊತ್ತಾಗುತ್ತದೆ.

ಈ ಕೆಂಪಕ್ಕಿಗಾಗಿ ದುಡಿದ ಸಂಸ್ಥೆಯೊಂದು ನಮ್ಮ ಬ್ರಹ್ಮಾವರದಲ್ಲೇ ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಕರಾವಳಿಯ ಗದ್ದೆಗಳಲ್ಲಿ ವರ್ಷಗಳಿಂದ ಹೆಚ್ಚು ಬೆಳೆಯುತ್ತಿರುವುದು ಕೇರಳದಿಂದ ಬಂದ ಎಂಒ-4 ಎಂಬ ಕೆಂಪು ಭತ್ತ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯಕ್ಕೆ ಸೇರಿದ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಅದಕ್ಕೆ ಪರ್ಯಾಯವಾಗಿ ‘ಸಹ್ಯಾದ್ರಿ ಕೆಂಪುಮುಕ್ತಿ’ ಎಂಬ ತಳಿಯನ್ನು ಕೊಟ್ಟಿದೆ. ಕುಚ್ಚಲಕ್ಕಿ ಉಣ್ಣುವ ಜನ ಇದ್ದಾರೆ ಎಂಬ ನಂಬಿಕೆಯ ಮೇಲೆ ನಡೆದ ಕೆಲಸ ಇದು. ಹೋಟೆಲಿನಲ್ಲಿ ಕೂತವರು ‘ಬೆಳ್ತಿಗೆ’ ಎನ್ನುತ್ತಾ ಹೋದರೆ ಆ ಗದ್ದೆಗೂ ಆ ಸಂಶೋಧನೆಗೂ ಅರ್ಥ ಉಳಿಯುವುದಿಲ್ಲ. ನಾವು ಕೇಳುವ ಒಂದು ತಟ್ಟೆ ಅನ್ನಕ್ಕೆ ಇಷ್ಟು ದೂರದ ಸಂಬಂಧ ಇದೆ.

ಅನ್ನ ಯಾವುದೇ ಇರಲಿ, ಎಷ್ಟು ಎಂಬುದೂ ಮುಖ್ಯ. ನಮ್ಮ ಹೋಟೆಲುಗಳ ದೊಡ್ಡ ಗುಣ ಬಡಿಸುವ ಧಾರಾಳ. ‘ಇನ್ನೊಂಚೂರ್ ಹಾಕ್ಲಾ?’ ಎಂದು ಕೇಳುವಾಗಲೇ ಸೌಟು ತಟ್ಟೆಯ ಮೇಲೆ ಬಂದಿರುತ್ತದೆ. ಅದರಲ್ಲಿ ಪ್ರೀತಿ ಇದೆ, ಮುನಿಸಿಕೊಳ್ಳಬಾರದು. ಹಿರಿಯರು ಎರಡು ಕೈಯನ್ನೂ ಎಲೆಯ ಮೇಲೆ ಅಡ್ಡ ಹಿಡಿದು ನಗುತ್ತಿದ್ದರು. ಬಡಿಸುವವನ ಮನಸ್ಸೂ ನೋಯುತ್ತಿರಲಿಲ್ಲ, ಅನ್ನವೂ ಹಾಳಾಗುತ್ತಿರಲಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನದ ಒಟ್ಟು ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ದಾಟದಿರಲಿ ಎಂದಿದೆ. ನಮ್ಮ ಹೋಟೆಲಿನ ಫುಲ್ ಊಟದಲ್ಲಿ ಅನ್ನದ ಪಾಲು ಇದಕ್ಕಿಂತ ಬಹಳ ಮುಂದೆ ಹೋಗುತ್ತದೆ. ಪಲ್ಯವನ್ನು ಎರಡನೇ ಸಲ ಕೇಳಿ, ಅನ್ನವನ್ನು ಕೇಳಬೇಡಿ. ಪಲ್ಯ ಎರಡನೇ ಸಲ ಕೇಳಿದರೆ ಬೇಸರ ಮಾಡಿದ ಮಾಣಿಯನ್ನು ನಾನು ನೋಡಿಲ್ಲ.

ಬಾಳೆಲೆ ಊಟದ ಕ್ರಮದಲ್ಲೇ ಈ ಬುದ್ಧಿ ಅಡಗಿದೆ. ಎಲೆಯಲ್ಲಿ ಅನ್ನಕ್ಕಿಂತ ಮೊದಲು ಬರುವುದು ಕೋಸಂಬರಿ, ಪಲ್ಯ. ತರಕಾರಿ, ಬೇಳೆ ಮೊದಲು ಹೊಟ್ಟೆ ಸೇರಿ ಅನ್ನ ಆಮೇಲೆ ಹೋದರೆ ರಕ್ತದ ಸಕ್ಕರೆ ನಿಧಾನಕ್ಕೆ ಏರುತ್ತದೆ ಎಂದು ಈಗಿನ ವೈದ್ಯರೂ ಹೇಳುತ್ತಾರೆ. ಕುಂಭಾಶಿಯಲ್ಲಾಗಲಿ ಮಂದಾರ್ತಿಯಲ್ಲಾಗಲಿ ದೇವಸ್ಥಾನದ ಪಂಕ್ತಿಯಲ್ಲಿ ಕೂತಾಗ, ಅನ್ನ ಬರುವ ತನಕ ಕೈಕಟ್ಟಿ ಕಾಯದೆ ಮೊದಲು ಬಂದದ್ದನ್ನು ಮೊದಲು ತಿನ್ನಿ. ಕೊಲ್ಲೂರಿನಲ್ಲಿ ರಾತ್ರಿ ಪೂಜೆ ಮುಗಿದ ಮೇಲೆ ಶುಂಠಿ, ಕಾಳುಮೆಣಸಿನ ಕಷಾಯ ತೀರ್ಥವಾಗಿ ಸಿಗುತ್ತದೆ. ಆ ಕಷಾಯದ ರುಚಿ ಕಂಡವರು ಹೋಟೆಲಿನಲ್ಲೂ ಕಾಫಿಯ ಬದಲು ಜೀರಿಗೆ-ಕೊತ್ತಂಬರಿ ಕಷಾಯ ಕೇಳುವುದನ್ನು ನೋಡಿದ್ದೇನೆ. ನಮ್ಮ ಕಡೆಯ ಬ್ರಾಹ್ಮಣರ ಹೋಟೆಲುಗಳಲ್ಲಿ ಅದು ಇಂದಿಗೂ ಸಿಗುತ್ತದೆ. ಬೆಲ್ಲ ಕಮ್ಮಿ ಎಂದು ಮಾತ್ರ ಮೊದಲೇ ಹೇಳಬೇಕು.

ಇನ್ನು ಮೀನು. ಮೀನಿನ ವಿಷಯದಲ್ಲಿ ನಮ್ಮಷ್ಟು ಭಾಗ್ಯವಂತರು ಕಡಿಮೆ. ಆದರೆ ಹೋಟೆಲಿಗೆ ಬಂದವರ ಕಣ್ಣು ಅಂಜಲಿನ ಮೇಲೆ, ಕಾಣೆಯ ಮೇಲೆ. ದುಬಾರಿ ಮೀನು ಒಳ್ಳೆಯ ಮೀನು ಎಂಬ ನಂಬಿಕೆ. ಹೃದಯಕ್ಕೆ ಬೇಕಾದ ಒಮೇಗಾ-3 ಕೊಬ್ಬು ಧಾರಾಳವಾಗಿರುವುದು ಅಗ್ಗದ ಬೈಗೆ ಮತ್ತು ಬಂಗುಡೆಯಲ್ಲಿ. ಬೈಗೆಯನ್ನು ಸಾರಿನಲ್ಲಿ ಕೇಳಿ, ಬಂಗುಡೆಯನ್ನು ಪುಳಿಮುಂಚಿಯಲ್ಲಿ ಕೇಳಿ. ಫ್ರೈ ಬೇಕೇಬೇಕು ಎಂದಾದರೆ ತವಾದಲ್ಲಿ ಮಾಡಿಸಿ. ರವಾ ಮೆತ್ತಿದ ಮೀನು ಎಣ್ಣೆಯನ್ನು ಹೆಚ್ಚು ಹೀರಿಕೊಳ್ಳುತ್ತದೆ. ‘ಎಣ್ಣಿ ಕಮ್ಮಿ ಹಾಕಿ ಕಾಯ್ಸಿ’ ಎಂದರೆ ನಮ್ಮ ಅಡುಗೆಯವರಿಗೆ ಅದು ಹೊಸ ಮಾತೇನೂ ಅಲ್ಲ, ಮನೆಯಲ್ಲಿ ಅವರೂ ಹಾಗೆಯೇ ಕಾಯಿಸುವುದು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಹೋಟೆಲಿನಲ್ಲಿ ಸಿಗುವುದು ನಾಡದೋಣಿಯವರು ಹಿಡಿದ ಅಲ್ಪಸ್ವಲ್ಪ, ಇಲ್ಲವೆ ಐಸಿನಲ್ಲಿ ಬಹಳ ದೂರದಿಂದ ಬಂದದ್ದು. ‘ಇವತ್ತಿನ್ ಮೀನಾ?’ ಎಂದು ನೇರವಾಗಿ ಕೇಳಿ. ಅಲ್ಲ ಎಂದರೆ ಆ ಎರಡು ತಿಂಗಳು ಮಳೆಗಾಲದ ಊಟ ಮಾಡುವುದು ವಾಸಿ. ಪತ್ರೊಡೆ, ಬಸಳೆ ಹುಳಿ, ಒಂದೆಲಗದ ತಂಬುಳಿ, ಹುರುಳಿ ಸಾರು. ಕೆಸುವಿನ ಎಲೆ ಚಿಗುರುವುದೂ ಆಗಲೇ. ಒಣಮೀನಿನ ಚಟ್ನಿಯ ಆಸೆ ಮಳೆಯಲ್ಲಿ ಎಲ್ಲರಿಗೂ ಬರುತ್ತದೆ, ನನಗೂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು. ಒಣಮೀನು, ಉಪ್ಪಿನಕಾಯಿ, ಹಪ್ಪಳ ಮೂರೂ ಒಂದೇ ತಟ್ಟೆಗೆ ಬಂದರೆ ಅದು ಆ ಊಟದಲ್ಲೇ ಮುಗಿದುಹೋಗುತ್ತದೆ. ಸಾಂಬಾರಿಗೆ ಬಿದ್ದ ಉಪ್ಪನ್ನು ತೆಗೆಯಲಾಗದು. ಪಕ್ಕದ ಹಪ್ಪಳವನ್ನು ಬಿಡಬಹುದು.

ಕುಂದಾಪುರದ ಊಟದ ಮಾತಾಡಿ ಘೀ ರೋಸ್ಟ್ ಬಿಟ್ಟರೆ ಊರಿಗೆ ಅನ್ಯಾಯ ಮಾಡಿದಂತೆ. 1957ರಲ್ಲಿ ಶುರುವಾದ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನ ಅಡುಗೆಮನೆಯಲ್ಲಿ ಹುಟ್ಟಿದ ಈ ಕೋಳಿ ಇಂದು ಮಂಗಳೂರು, ಬೆಂಗಳೂರು, ಮುಂಬಯಿಗಳ ಬೋರ್ಡಿನಲ್ಲೆಲ್ಲ ಇದೆ. ಬ್ಯಾಡಗಿ ಮೆಣಸು, ಹುಣಸೆ, ತುಪ್ಪದಲ್ಲಿ ಹದವಾಗಿ ಹುರಿದ ಮಸಾಲೆ. ಅದನ್ನು ತಿನ್ನಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ಅದು ಊರಿನ ಗೌರವ. ಆದರೆ ತುಪ್ಪವೇ ಅದರ ಜೀವ, ದಿನದ ಊಟಕ್ಕಾಗಿ ಮಾಡಿದ ಪದಾರ್ಥ ಅದಲ್ಲ. ನಾಲ್ಕು ಜನ ಹೋದಾಗ ಒಂದು ಪ್ಲೇಟ್ ತರಿಸಿ, ಎಲ್ಲರೂ ಎರಡೆರಡು ತುಂಡು ನೀರುದೋಸೆಯ ಜೊತೆ ತಿಂದು, ಉಳಿದ ಹೊಟ್ಟೆಗೆ ತೆಳ್ಳಗಿನ ಕೋಳಿ ಸಾರು ತರಿಸಿಕೊಂಡರೆ ನಾಲಿಗೆಗೂ ಸಂತೋಷ, ದೇಹಕ್ಕೂ ಕ್ಷೇಮ. ಒಬ್ಬರೇ ಹೋದ ದಿನ ಅದನ್ನು ಬಿಟ್ಟುಬಿಡುವುದು ಒಳ್ಳೆಯದು.

ಕೆಂಪು ಬಣ್ಣಕ್ಕೆ ಬ್ಯಾಡಗಿ ಮೆಣಸೇ ಸಾಕು ಎಂಬುದನ್ನು ನಮ್ಮ ಅಡುಗೆಯವರು ಇಷ್ಟು ಚೆನ್ನಾಗಿ ತೋರಿಸಿಕೊಟ್ಟಿರುವಾಗ ಕಬಾಬಿಗೆ ಡಬ್ಬಿಯ ಬಣ್ಣ ಯಾಕೆ ಬೇಕು? ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ, ಅದೇ ವರ್ಷ ಜೂನಿನಲ್ಲಿ ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮರವಂತೆಯಲ್ಲಿ ಒಂದು ಬದಿ ಕಡಲು, ಒಂದು ಬದಿ ಸೌಪರ್ಣಿಕಾ. ಇಷ್ಟು ಚಂದದ ಜಾಗಕ್ಕೆ ಬಂದ ಪ್ರವಾಸಿಗರ ಕೈಯಲ್ಲಿ ಕುಂಕುಮದಷ್ಟು ಕೆಂಪಗಿನ ಗೋಬಿಯ ತಟ್ಟೆ ಕಂಡಾಗ ಸಂಕಟವಾಗುತ್ತದೆ. ಕಣ್ಣಿಗೆ ಹೊಡೆಯುವ ಕೆಂಪು ಕಂಡರೆ ಬೇಡ ಎನ್ನಿ, ಮಕ್ಕಳು ಹಠ ಮಾಡಿದರೂ ಬೇಡ ಎನ್ನಿ.

ಬೆಳಗಿನ ತಿಂಡಿಯಲ್ಲಿ ನಮ್ಮವರಿಗೆ ಬನ್ಸ್ ಬಿಡುವುದು ಕಷ್ಟ. ಬಾಳೆಹಣ್ಣು ಹಾಕುತ್ತಾರೆ ನಿಜ, ಆದರೆ ಅದು ಮೈದಾ, ಸಕ್ಕರೆ ಸೇರಿಸಿ ಎಣ್ಣೆಯಲ್ಲಿ ಕರಿದದ್ದು. ಗೋಳಿಬಜೆಯೂ ಅದರ ಹತ್ತಿರದ ನೆಂಟ. ವಾರದಲ್ಲಿ ಒಂದು ದಿನಕ್ಕೆ ಇರಲಿ, ಅದೂ ಹೊಸ ಎಣ್ಣೆಯಲ್ಲಿ ಕರಿದಿದ್ದರೆ. ಒಮ್ಮೆ ಕಾಯಿಸಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಕೆಟ್ಟ ಅಂಶಗಳು ಬೆಳೆಯುತ್ತವೆ. ‘ಟೋಟಲ್ ಪೋಲಾರ್ ಕಾಂಪೌಂಡ್’ ಎನ್ನುವ ಆ ಅಂಶ ಶೇ. 25 ದಾಟಿದ ಎಣ್ಣೆಯನ್ನು ಬಳಸಕೂಡದು ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಗಿರಾಕಿಯ ಹತ್ತಿರ ಅಳೆಯುವ ಯಂತ್ರ ಇರುವುದಿಲ್ಲ. ಎಣ್ಣೆ ಕಪ್ಪಾಗಿ, ನೊರೆ ಬಂದು, ಕಮಟು ಹೊಗೆ ಏಳುತ್ತಿದ್ದರೆ ಆ ಬಾಣಲೆಯ ತಿಂಡಿ ಬೇಡ.

ಹಬೆಯಲ್ಲಿ ಬೆಂದ ತಿಂಡಿಯಲ್ಲಂತೂ ನಮ್ಮನ್ನು ಮೀರಿಸುವವರಿಲ್ಲ. ಹಲಸಿನ ಎಲೆಯ ಕೊಟ್ಟೆ ಕಡುಬು, ಸೇಮಿಗೆ, ಕಡುಬು. ಎಣ್ಣೆಯ ಹಂಗಿಲ್ಲದ ತಿಂಡಿಗಳು ಇವು. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದುದು ಬೆಳಕಿಗೆ ಬಂದು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಮುಂದಾಯಿತು. ಆ ಸುದ್ದಿ ಓದಿದಾಗ ನಾನು ನೆನೆಸಿಕೊಂಡದ್ದು ನಾಲ್ಕು ಎಲೆ ಸೇರಿಸಿ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುವ ನಮ್ಮ ಹೆಂಗಸರನ್ನು. ಅವರ ಕೈಕೆಲಸ ಹೋಟೆಲಿಗೆ ಬರಬೇಕು. ಕೊಟ್ಟೆ ಕಟ್ಟುವುದು ಸಮಯ ಹಿಡಿಯುವ ಕೆಲಸ, ಅದಕ್ಕೆ ಐದು ರೂಪಾಯಿ ಹೆಚ್ಚು ಕೊಡಲು ನಾವು ತಯಾರಿರಬೇಕು.

ಊಟದ ಆರೋಗ್ಯ ಗಿರಾಕಿಯೊಬ್ಬನ ತಲೆನೋವು ಎಂದು ಈಗ ನಾವು ತಿಳಿದಿದ್ದೇವೆ. ನಮ್ಮೂರಿನ ಹೋಟೆಲಿನವರು ಹಾಗೆ ತಿಳಿದಿರಲಿಲ್ಲ. ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಆ ಸಹೋದರರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದರು. ಬಂದವರೇ ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಕ್ರಮ ತಂದರು. ಒಳ್ಳೆಯ ಊಟದ ಅಭ್ಯಾಸಗಳ ಬಗ್ಗೆ ಸಣ್ಣ ಪುಸ್ತಿಕೆಗಳನ್ನು ಮಾಡಿ ಗಿರಾಕಿಗಳಿಗೆ ಉಚಿತವಾಗಿ ಹಂಚಿದರು. ಹೆಚ್ಚು ತಿಂದರೆ ಹೆಚ್ಚು ಲಾಭ ಬರುವ ವ್ಯಾಪಾರದಲ್ಲಿದ್ದುಕೊಂಡು ಹೇಗೆ ತಿನ್ನಬೇಕೆಂದು ಹೇಳಿಕೊಟ್ಟವರು ಅವರು. ಅವರು ಹುಟ್ಟಿದ ಹಳ್ಳಿ ಇಂದಿನ ಬ್ರಹ್ಮಾವರ ತಾಲೂಕಿನಲ್ಲಿದೆ ಎಂಬುದು ನನಗೆ ದೊಡ್ಡ ಹೆಮ್ಮೆ.

ಈಗಿನ ಕಾನೂನೂ ಒಂದಿಷ್ಟು ದೂರ ಬಂದಿದೆ. ಹತ್ತು ಅಥವಾ ಹೆಚ್ಚು ಶಾಖೆಗಳಿರುವ ಹೋಟೆಲುಗಳು, ಕೇಂದ್ರದ ಪರವಾನಗಿ ಇರುವವು, ಪ್ರತಿ ತಿನಿಸಿನ ಎದುರು ಅದರ ಕ್ಯಾಲೊರಿ ಎಷ್ಟೆಂದು ಮೆನುವಿನಲ್ಲಿ ಬರೆಯಬೇಕು. 2022ರಿಂದ ಇದು ನಿಯಮ. ನಮ್ಮ ಕಡೆಯ ಬಹುಪಾಲು ಹೋಟೆಲುಗಳು ಒಬ್ಬರೇ ನಡೆಸುವ ಒಂದೇ ಅಂಗಡಿ, ಈ ನಿಯಮ ಅವಕ್ಕೆ ತಾಗುವುದಿಲ್ಲ. ಅದರಿಂದ ನಮಗೆ ನಷ್ಟವಾಯಿತೆಂದು ನನಗೆ ಅನಿಸಿಲ್ಲ. ದೊಡ್ಡ ನಗರದ ಮಾಲಿನಲ್ಲಿ ಅಂಕಿ ಇರುತ್ತದೆ, ಆದರೆ ಎಣ್ಣೆ ಕಮ್ಮಿ ಮಾಡಿ ಎಂದು ಹೇಳಿದರೆ ಕೇಳುವವರಿಲ್ಲ, ಅಲ್ಲಿನ ಪದಾರ್ಥ ಮೊದಲೇ ಎಲ್ಲೋ ತಯಾರಾಗಿ ಬಂದಿರುತ್ತದೆ. ನಮ್ಮಲ್ಲಿ ಯಜಮಾನರು ಗಲ್ಲಾದಲ್ಲಿ ಕೂತಿರುತ್ತಾರೆ, ಅವರ ಬೆನ್ನ ಹಿಂದೆಯೇ ಅಡುಗೆಮನೆ. ಕೂತವರ ಹೆಸರು, ಮನೆ, ಅವರ ತಂದೆಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲವೂ ಅವರಿಗೆ ಗೊತ್ತು. ಇಷ್ಟು ಹತ್ತಿರದ ಅಡುಗೆಮನೆಯನ್ನು ಮಾತನಾಡಿಸದೆ ಬೋರ್ಡು ನೋಡಿಯೇ ಎದ್ದು ಬರುವುದು ಸರಿಯಲ್ಲ.

ಮಾತನಾಡಿಸುವುದಕ್ಕೂ ಒಂದು ರೀತಿ ಇದೆ. ಊಟ ಬಂದ ಮೇಲೆ ಎಣ್ಣೆ ಜಾಸ್ತಿ ಎಂದು ದೂರುವುದರಿಂದ ಏನೂ ಆಗುವುದಿಲ್ಲ, ಮಾಣಿಯ ಮುಖ ಸಣ್ಣದಾಗುತ್ತದೆ ಅಷ್ಟೆ. ಕೂತಾಗಲೇ ‘ಇವತ್ತ್ ಎಂತ ಪಲ್ಯ?’ ಎಂದು ಕೇಳಬೇಕು. ಮಜ್ಜಿಗೆ ಇದೆಯಾ, ಗಂಜಿ ಇದೆಯಾ ಎನ್ನಬೇಕು. ಇಂದು ಇಲ್ಲದಿದ್ದರೆ ನಾಳೆ ಬರುತ್ತೇನೆ ಎಂದು ಹೇಳಿ, ಹೇಳಿದಂತೆ ಹೋಗಬೇಕು. ಹೋಟೆಲಿನವರು ಲೆಕ್ಕದವರು. ನಾಲ್ಕು ಜನ ಕೇಳಿದ್ದನ್ನು ಐದನೆಯವನಿಗಾಗಿ ಮಾಡಿಟ್ಟಿರುತ್ತಾರೆ. ಚೈನೀಸು ನಮ್ಮ ಬೋರ್ಡಿಗೆ ಬಂದದ್ದೂ ಹಾಗೆಯೇ, ಯಾರೋ ಕೇಳಿದ್ದರಿಂದ.

ಹೋಟೆಲಿನ ಯಜಮಾನರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಹುಡುಗರಿಗೆಂದು ಹಿಂದಿನ ಒಲೆಯಲ್ಲಿ ಮಾಡುವ ಗಂಜಿ, ಪಲ್ಯ, ಬೈಗೆ ಸಾರನ್ನು ಇನ್ನೂ ಹತ್ತು ಜನಕ್ಕೆ ಆಗುವಷ್ಟು ಹೆಚ್ಚು ಮಾಡಿ, ಬೋರ್ಡಿನ ಮೇಲಿನ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಓದುಗರಲ್ಲೂ ಒಂದು ಕೋರಿಕೆ. ನೀವು ಬ್ರಹ್ಮಾವರದವರಾಗಿರಿ, ಕೊಲ್ಲೂರಿಗೆ ಬಂದ ಯಾತ್ರಿಕರಾಗಿರಿ, ಮಾಣಿ ಬಂದು ‘ಬೆಳ್ತಿಗೆಯಾ, ಕುಚ್ಲಕ್ಕಿಯಾ?’ ಎಂದು ಕೇಳಿದಾಗ ಕುಚ್ಲಕ್ಕಿ ಎನ್ನಿ, ಪಕ್ಕದ ಮೇಜಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ.